ಸ್ವಯಂಸೇವಕಿಯ ಕಸುಬು

ಟ್ರಾವೆಲ್ ಏಜೆಂಟರಷ್ಟು ಸ್ಥಾವರವಾದ ಜೀವಿಗಳನ್ನು ನೀವು ಬೇರೆಲ್ಲೂ ನೋಡಿರಲಾರಿರಿ. ಜಂಗಮ ಪ್ರಪಂಚಕ್ಕೆಲ್ಲ ದಾರಿ ಮಾಡಿಕೊಟ್ಟು, ತಾವು ಮಾತ್ರ ಕೂತ ಕುರ್ಚಿಯಿಂದ ಅಲುಗದೆ, ಮಧ್ಯಾಹ್ನದ ಡಬ್ಬಿಯನ್ನೂ ಕಂಪ್ಯೂಟರಿನ ಮುಂದೆಯೇ ಬಿಚ್ಚಿ, ಯಾರದೋ ಮಧುಚಂದ್ರಕ್ಕೆ ಕಿಟಕಿ ಪಕ್ಕದ ಸೀಟು, ಇನ್ಯಾರದೋ ಅತ್ತೆಗೆ ಉಪ್ಪಿಲ್ಲದ ಊಟ ಎಂದು ಏರ್ಪಾಡು ಮಾಡುತ್ತ ಆಯುಷ್ಯ ಸವೆಸುವ ಈ ಪಂಗಡಕ್ಕೆ ನಾನು ಸೇರಿದ್ದು ನಲವತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಯಜಮಾನರಿಗೆ ನೈರೋಬಿಯ ಔಷಧ ಕಾರ್ಖಾನೆಯಲ್ಲಿ ಕೆಲಸವಾಗಿ, ಅವರ ಹಿಂದೆ ಬಂದು, ಮಗಳು ತನ್ನ ಜಡೆ ತಾನೇ ಹಾಕಿಕೊಳ್ಳುವಷ್ಟು ದೊಡ್ಡವಳಾದಾಗ ಮನೆಯಲ್ಲಿ ಕೂರಲಾರದೆ ವೆಸ್ಟ್‌ಲ್ಯಾಂಡ್ಸ್‌ನ ಒಂದು ಟ್ರಾವೆಲ್ ಆಫೀಸಿನ ಕುರ್ಚಿಯಲ್ಲಿ ಕೂತೆ. ಸಂಧಿ ಬಿಡಿಸುತ್ತಿದ್ದವಳು ಟಿಕೆಟ್ ಕತ್ತರಿಸತೊಡಗಿದೆ ಎಂದು ಯಜಮಾನರು ಬಂದವರೆದುರು ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಆ ನಗು ಮುಗಿದ ಮೇಲೆ ಒಳಗೆ ಸಣ್ಣಗೆ ಏನೋ ಮುದುಡಿಕೊಳ್ಳುತ್ತಿತ್ತು. ಮೇಷ್ಟ್ರ ಮನೆಯಲ್ಲಿ ಹುಟ್ಟಿದವಳು ನಾನು. ಮಾರುವುದು ಎಂದರೆ ಕೇಳಿಕೊಳ್ಳುವುದು, ಕೇಳಿಕೊಳ್ಳುವುದು ಎಂದರೆ ತಲೆ ತಗ್ಗಿಸುವುದು ಎಂಬ ವ್ಯಾಕರಣ ಯಾರೂ ಕಲಿಸದೆಯೇ ನನಗೆ ಬಂದಿತ್ತು.

ಕುರ್ಚಿಯಲ್ಲಿ ಕೂತೇ ದಿನ ದೂಡಬಹುದಿತ್ತು, ವಿಮಾನ ಕಂಪನಿಗಳು ಮನಸ್ಸು ಬದಲಾಯಿಸದೆ ಹೋಗಿದ್ದರೆ. ಆ ವರ್ಷಗಳಲ್ಲಿ ಅವು ಒಂದೊಂದಾಗಿ ಏಜೆಂಟರ ಕಮಿಷನ್ ಕಡಿಮೆ ಮಾಡುತ್ತ ಬಂದವು. ಜನ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಟಿಕೆಟ್ ಕೊಳ್ಳುವುದನ್ನು ಕಲಿಯತೊಡಗಿದರು. ನಮ್ಮ ಮಾಲೀಕರು ಹಸ್ಮುಖ್‌ಭಾಯಿ, ಹೆಸರಿಗೆ ಮಾತ್ರ ಹಸನ್ಮುಖರು. ನೈರೋಬಿಯಲ್ಲೇ ಹುಟ್ಟಿ ಬೆಳೆದ ಗುಜರಾತಿ. ಅವರು ಒಂದು ದಿನ ದೊಡ್ಡ ಹೋಟೆಲೊಂದರಲ್ಲಿ ನಡೆದ ಏಜೆಂಟರ ಸಭೆಗೆ ಹೋಗಿ ಬಂದವರು ನಮ್ಮನ್ನೆಲ್ಲ ಕರೆದು ನಿಲ್ಲಿಸಿ, ಜೀವನದಲ್ಲಿ ಮೊದಲ ಸಲ ಎಂಬಂತೆ ಮುಗುಳ್ನಕ್ಕು, ಇನ್ನು ಮುಂದೆ ಎಲ್ಲರೂ ವಾರಕ್ಕೆ ಒಂದು ಮಧ್ಯಾಹ್ನ ಸಮಾಜಸೇವೆ ಮಾಡಬೇಕು ಎಂದರು. ನಮಗೆ ಗಾಬರಿಯಾಯಿತು. ಆಮೇಲೆ ವಿವರ ಬಂತು. ಸಭೆಯಲ್ಲಿ ಮಾತಾಡಿದ ಯಾರೋ ತಜ್ಞರು ಹೇಳಿದ್ದರಂತೆ: ಜಾಹೀರಾತಿನ ಕಾಲ ಮುಗಿಯಿತು, ಜನ ತಾವು ನಂಬಿದವರ ಹತ್ತಿರ ಮಾತ್ರ ಕೊಳ್ಳುತ್ತಾರೆ, ನಂಬಿಕೆ ಬೇಕಾದರೆ ಸೇವೆಗೆ ಇಳಿಯಿರಿ, ಗಿಡ ನೆಡಿ, ರಕ್ತ ಕೊಡಿ, ದೇವಸ್ಥಾನದಲ್ಲಿ ಬಡಿಸಿ, ಅಲ್ಲಿ ಸಿಕ್ಕವರ ಜೊತೆ ನೆಟ್‌ವರ್ಕ್ ಮಾಡಿ. ಈ ಪದಕ್ಕೆ ಕನ್ನಡದಲ್ಲಿ ಜಾಲ ಎನ್ನುತ್ತಾರೆ. ಬೀಸುವವರೂ ಬೀಳುವವರೂ ಇಲ್ಲದ ಜಾಲವನ್ನು ನಾನಂತೂ ಕಂಡಿರಲಿಲ್ಲ.

ಪಕ್ಕದ ಮೇಜಿನ ಗ್ರೇಸ್ ನನಗಿಂತ ಹದಿನೈದು ವರ್ಷ ಚಿಕ್ಕವಳು, ನೈರೋಬಿಯವಳೇ, ಗಟ್ಟಿ ಗಂಟಲಿನವಳು. ಅವಳ ಪಾಲಿಗೆ ಗಿಡ ನೆಡುವ ಕೆಲಸ ಬಂತು. ಮೊದಲ ವಾರವೇ ಬೂಟಿಗೆಲ್ಲ ಕೆಂಪು ಮಣ್ಣು ಮೆತ್ತಿಕೊಂಡು ಬಂದು, ಒಂದು ಚರ್ಚಿನ ಮಹಿಳಾ ಮಂಡಳಿಯವರಷ್ಟನ್ನೂ ದುಬೈ ಪ್ರವಾಸಕ್ಕೆ ಒಪ್ಪಿಸಿಯಾಗಿತ್ತು. ಹೇಗೆ ಎಂದು ಕೇಳಿದೆ. “ಹೇಗೆ ಅಂದ್ರೆ? ನಾನು ಟಿಕೆಟ್ ಮಾರೋಳು, ಈ ಗುದ್ದಲಿ ಸ್ವಲ್ಪ ಹಿಡ್ಕೊಳ್ಳಿ ಅಂದೆ,” ಎಂದಳು. ಅಷ್ಟೇ. ಅವಳಿಗೆ ಅದು ಕಷ್ಟವೇ ಆಗಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಆಸ್ಪತ್ರೆ. ನೈರೋಬಿಯಿಂದ ದೊಡ್ಡ ದೊಡ್ಡ ಕಾಯಿಲೆಗಳೆಲ್ಲ ಆಗ ಇಂಡಿಯಾದ ಕಡೆಗೇ ಹೊರಡುತ್ತಿದ್ದವು. ಹೃದಯ, ಮೂತ್ರಪಿಂಡ, ಮಂಡಿಚಿಪ್ಪು ಎಲ್ಲಕ್ಕೂ ಚೆನ್ನೈ, ಮುಂಬೈ, ಬೆಂಗಳೂರು. ರೋಗಿಗೊಂದು ಟಿಕೆಟ್, ಜೊತೆಯವರಿಗೊಂದು ಟಿಕೆಟ್. “ವಸುಧಾಬೆನ್, ನೀವು ಬೆಂಗಳೂರು ಕಡೆಯವರು, ಮಾತು ಮೆತ್ತಗೆ, ಸೀರೆ ಉಡ್ತೀರಿ, ನಿಮ್ಮನ್ನ ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ,” ಎಂದು ಹಸ್ಮುಖ್‌ಭಾಯಿ ತಮ್ಮ ಬೆರಕೆ ಹಿಂದಿಯಲ್ಲಿ ಹೇಳಿ, ವಿಸಿಟಿಂಗ್ ಕಾರ್ಡುಗಳ ಒಂದು ಕಟ್ಟನ್ನು ನನ್ನ ಕೈಗಿತ್ತರು. ಅನುಮಾನ ಬರಲ್ಲ ಎಂಬ ಮಾತು ಮನೆಯವರೆಗೂ ನನ್ನ ಜೊತೆ ಬಂತು.

ಮನೆಯಲ್ಲಿ ಯಜಮಾನರು ಪೇಪರಿನಿಂದ ತಲೆ ಎತ್ತದೆ, “ಹೋಗು, ನಾಲ್ಕು ಜನಕ್ಕೆ ಒಳ್ಳೇದಾಗತ್ತೆ, ನಿನಗೂ ಆಗತ್ತೆ, ಅದರಲ್ಲೇನಿದೆ?” ಎಂದರು. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ತೀರ್ಪು ಕೊಡುವ ನನ್ನ ಮಗಳು ಮಾತ್ರ, “ಅಮ್ಮಾ, ಯು ಆರ್ ಗೋಯಿಂಗ್ ಟು ಸೆಲ್ ಟು ಸಿಕ್ ಪೀಪಲ್?” ಎಂದು ಕಣ್ಣಗಲಿಸಿದಳು. ನಾನು ಒಗ್ಗರಣೆ ಹೊತ್ತುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಒಗ್ಗರಣೆ ಇಟ್ಟಿರಲೇ ಇಲ್ಲ.

ಆಸ್ಪತ್ರೆ ಹರ್ಲಿಂಗ್‌ಹ್ಯಾಮ್ ಕಡೆಗಿತ್ತು. ಅಲ್ಲಿ ಸ್ವಯಂಸೇವಕರ ಉಸ್ತುವಾರಿ ಸಿಸಿಲಿಯಾ ಬಾಯಿಯದು. ಮಂಗಳೂರಿನ ಹತ್ತಿರದವರು, ನರ್ಸ್ ಆಗಿ ನಿವೃತ್ತರಾದವರು, ಗಂಡ ತೀರಿಕೊಂಡ ಮೇಲೂ ಊರಿಗೆ ಹೋಗದೆ ಇಲ್ಲೇ ಉಳಿದವರು. ಕೊಂಕಣಿಯಲ್ಲಿ ಯೋಚಿಸಿ ಕನ್ನಡದಲ್ಲಿ ಗದರಿಸುವುದು ಅವರ ರೂಢಿ. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, “ಎಂತ, ಎರಡು ವಾರ ಬಂದು ಓಡಿ ಹೋಗುವವರ ಪೈಕಿಯಾ?” ಎಂದರು. ಅಲ್ಲ ಎಂದೆ. “ಮತ್ತೆ ಎಂತಕ್ಕೆ ಬರುವುದು?” ಎಂದರು. ಅಷ್ಟು ನೇರವಾದ ಪ್ರಶ್ನೆಗೆ ಸಿದ್ಧಳಾಗಿರದ ನಾನು, ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದುಬಿಟ್ಟೆ. ಹೊತ್ತು ಹೋಗದವರ ಮುಖ ಹೇಗಿರಬೇಕೋ ಹಾಗೆ ಮುಖವನ್ನೂ ಮಾಡಿಕೊಂಡೆ. ಕಾರ್ಡಿನ ಕಟ್ಟು ಕೈಚೀಲದ ತಳದಲ್ಲಿ, ಬಾಚಣಿಗೆಯ ಕೆಳಗೆ ಇತ್ತು.

ಕೆಲಸ ಸುಲಭದ್ದು. ನೋಡಲು ಯಾರೂ ಬಾರದ ರೋಗಿಗಳ ಪಕ್ಕ ಕೂರುವುದು, ಪೇಪರ್ ಓದಿ ಹೇಳುವುದು, ನೀರು ಕುಡಿಸುವುದು. ಹೆಚ್ಚಿನಂಶ ಸುಮ್ಮನೆ ಕೇಳಿಸಿಕೊಳ್ಳುವುದು. ನಾನು ಬುಧವಾರದ ಮಧ್ಯಾಹ್ನಗಳಲ್ಲಿ ಹೋಗತೊಡಗಿದೆ. ಮೂರನೆಯದೋ ನಾಲ್ಕನೆಯದೋ ಬುಧವಾರ ಕಿಟಕಿ ಪಕ್ಕದ ಮಂಚದಲ್ಲಿ ಉದ್ದನೆಯ ಮುದುಕರೊಬ್ಬರು ದಿಂಬುಗಳಿಗೆ ಒರಗಿ ಕೂತಿದ್ದರು. ಮಲಗಿದರೆ ಅವರಿಗೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಹಗಲೂ ರಾತ್ರಿ ಕೂತೇ ಇರುತ್ತಿದ್ದರು. ಪಾದಗಳು ಊದಿದ್ದವು. ಹೃದಯದ ಕವಾಟವೊಂದು ಸೋರುತ್ತಿದೆಯೆಂದೂ ಅದನ್ನು ಬದಲಾಯಿಸಲು ಬೆಂಗಳೂರಿಗೆ ಕಳಿಸುವ ಯೋಚನೆಯಿದೆಯೆಂದೂ ಸಿಸಿಲಿಯಾ ಬಾಯಿ ಹೇಳಿದ್ದರು. ನನ್ನ ಸೀರೆ ನೋಡಿ ಅವರೇ ಇಂಗ್ಲಿಷಿನಲ್ಲಿ ಮಾತು ಶುರುಮಾಡಿದರು. ಇಂಡಿಯಾದಲ್ಲಿ ಎಲ್ಲಿ? ಬೆಂಗಳೂರಿನ ಹತ್ತಿರ, ಎಂದೆ. ಅವರ ಮುಖ ಅರಳಿತು. ಹಾಗಾದರೆ ದೇವರೇ ಕಳಿಸಿದ್ದಾನೆ, ಎಂದರು. ದೇವರಲ್ಲ, ಹಸ್ಮುಖ್‌ಭಾಯಿ ಎಂದು ನನಗೆ ಹೇಳಲಾಗಲಿಲ್ಲ.

“ಇಲ್ಲಿ ಏನು ಕೆಲಸ ಮಾಡುತ್ತೀರಿ?” ಎಂದು ಕೇಳಿದರು.

ಹೇಳಬೇಕಾಗಿದ್ದ ಹೊತ್ತು ಅದೇ. ಬಂದದ್ದೂ ಅದಕ್ಕೇ. ಬೆಂಗಳೂರಿಗೆ ಹೋಗಬೇಕಾದ ರೋಗಿ, ಬೆಂಗಳೂರಿಗೆ ಕಳಿಸುವ ಏಜೆಂಟು, ನಡುವೆ ಒಂದು ಕುರ್ಚಿಯಷ್ಟು ದೂರ. ಆದರೆ ದೇವರು ಕಳಿಸಿದವಳು ಚೀಲದಿಂದ ಕಾರ್ಡು ತೆಗೆಯುವ ದೃಶ್ಯ ಕಣ್ಣ ಮುಂದೆ ಬಂದು ನನ್ನ ಕಿವಿ ಬಿಸಿಯಾಯಿತು. “ಟೀಚರ್,” ಎಂದೆ. ಹಿಂದೊಮ್ಮೆ ಎಂಬ ಮಾತನ್ನು ಸೇರಿಸಲಿಲ್ಲ.

“ಮ್ವಾಲಿಮು!” ಎಂದರು ಅವರು, ಎದೆಯ ಮೇಲೆ ಕೈಯಿಟ್ಟು. ಸ್ವಾಹಿಲಿಯಲ್ಲಿ ಮೇಷ್ಟರಿಗೆ ಹಾಗೆನ್ನುತ್ತಾರೆ. ಅವರೂ ಮ್ವಾಲಿಮುವೇ, ಊರ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಅಂದಿನಿಂದ ಅವರು ನನಗೆ ಮ್ವಾಲಿಮು, ನಾನು ಅವರಿಗೆ ಮ್ವಾಲಿಮು. ಅಷ್ಟು ವರ್ಷಗಳ ಮೇಲೆ ಯಾರೋ ನನ್ನನ್ನು ಆ ಮರ್ಯಾದೆಯಿಂದ ಕರೆದದ್ದು ನನಗೆ ಎಷ್ಟು ಇಷ್ಟವಾಯಿತೆಂದರೆ, ಅದು ಸುಳ್ಳಿನ ಮೇಲೆ ನಿಂತಿದೆ ಎಂಬುದನ್ನು ಮುಂದಿನ ಬುಧವಾರದ ಹೊತ್ತಿಗೆ ಮರೆತೇಬಿಟ್ಟಿದ್ದೆ.

ಜಗತ್ತಿನ ಎಲ್ಲ ನದಿಗಳ ಹೆಸರು ಬಲ್ಲ ಆ ಮನುಷ್ಯ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಬೆಂಗಳೂರಿನ ಬಗ್ಗೆ ಅವರು ಕೇಳದ ಪ್ರಶ್ನೆಯಿಲ್ಲ. ಸಮುದ್ರ ಮಟ್ಟದಿಂದ ಎಷ್ಟು ಎತ್ತರ, ಮಣ್ಣು ಕೆಂಪೋ ಕಪ್ಪೋ, ನದಿಯಿಲ್ಲದ ಕಡೆ ಅಷ್ಟು ದೊಡ್ಡ ಊರು ಕಟ್ಟಿದ್ದು ಯಾರು? ನಾನು ಕೆರೆಗಳ ಕತೆ ಹೇಳಿದೆ, ಸಾಲುಮರಗಳ ತಂಪು ಹೇಳಿದೆ, ಮೆತ್ತನೆಯ ಇಡ್ಲಿ, ಆಸ್ಪತ್ರೆಯಲ್ಲೂ ಕೇಳಿದ ತಕ್ಷಣ ಸಿಗುವ ಕಾಫಿ. ನಾನು ಹೇಳುತ್ತಿದ್ದ ಬೆಂಗಳೂರು ಹತ್ತು ವರ್ಷ ಹಳೆಯದು, ಅದರಲ್ಲಿ ಅರ್ಧ ಮೈಸೂರು ಬೆರೆತಿತ್ತು. ಅವರು ಮಾನ್ಸೂನಿನ ಪಾಠ ಹೇಳಿದರು. ಕರಾವಳಿಯ ಸ್ವಾಹಿಲಿಯಲ್ಲಿ ಇಂಡಿಯಾದ ಕಡೆಯಿಂದ ಹಾಯಿಹಡಗುಗಳನ್ನು ತರುವ ಗಾಳಿ ಕಸ್ಕಾಜಿ, ಹಿಂದಕ್ಕೆ ಒಯ್ಯುವ ಗಾಳಿ ಕುಸಿ. “ನಮ್ಮ ಕಡಲ ಮೇಲಿಂದ ಹೋದ ಕುಸಿಯೇ ನಿಮ್ಮೂರಲ್ಲಿ ಮಳೆ ಸುರಿಸುವುದು, ಮ್ವಾಲಿಮು. ನಿಮ್ಮ ಅನ್ನದಲ್ಲಿ ನಮ್ಮ ಪಾಲೂ ಇದೆ,” ಎಂದರು. ಕನ್ನಡದಲ್ಲಿ ಕುಸಿ ಎಂದರೆ ಬಿದ್ದುಹೋಗು ಎಂದು ಅರ್ಥ ಎಂದೆ. ಅವರು ನಗಲು ಹೋಗಿ ಕೆಮ್ಮಿದರು. ನರ್ಸ್ ಓಡಿಬಂದು ನನ್ನನ್ನು ಒಂದು ಥರಾ ನೋಡಿದಳು.

ಪ್ರತಿ ಬುಧವಾರವೂ ಮುಂದಿನ ವಾರ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ಆಫೀಸಿನಲ್ಲಿ ಹಸ್ಮುಖ್‌ಭಾಯಿ, “ಏನಾದ್ರೂ ಬಂತಾ?” ಎಂದರೆ, ಇನ್ನೂ ಪರಿಚಯವಾಗ್ತಾ ಇದೆ ಎನ್ನುತ್ತಿದ್ದೆ. ಹೀಗೆ ಒಂದೇ ಮಧ್ಯಾಹ್ನದ ಬಗ್ಗೆ ಎರಡು ಕಡೆ ಎರಡು ಸುಳ್ಳು ನಿರ್ವಹಿಸುತ್ತಿದ್ದರೂ ನನ್ನ ಕಣ್ಣಿಗೆ ನಾನು ಶುದ್ಧಳಾಗಿಯೇ ಕಾಣುತ್ತಿದ್ದೆ. ಮಾರಲಿಲ್ಲವಲ್ಲ!

ಒಂದು ಬುಧವಾರ ಮ್ವಾಲಿಮು ದಿಂಬಿನ ಕೆಳಗಿನಿಂದ ಮಡಿಚಿದ ಹಾಳೆ ತೆಗೆದು, ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗನ ಹಾಗೆ ನನ್ನ ಕೈಗೆ ಕೊಟ್ಟರು. ಟಿಕೆಟ್. ಅವರ ಮಗಳು ವಾಂಬುಯಿ ಪೇಟೆಯ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಸಿಬಿಡಿ ಎನ್ನುವ ನಡುಪೇಟೆಯ ಯಾವನೋ ಏಜೆಂಟನಿಂದ ಅದನ್ನು ಮಾಡಿಸಿ ತಂದಿದ್ದಳು. ಶನಿವಾರ ಪ್ರಯಾಣ, ಅಪ್ಪ ಮಗಳು ಇಬ್ಬರೂ.

ಓದುವುದಕ್ಕೆ ನನಗೆ ಒಂದು ಉಸಿರಿನಷ್ಟು ಹೊತ್ತು ಸಾಕಾಯಿತು, ಅದು ನನ್ನ ದಿನನಿತ್ಯದ ಅಕ್ಷರಮಾಲೆ. ಎರಡು ಕಡೆ ವಿಮಾನ ಬದಲಾಯಿಸಬೇಕು. ಒಂದು ಕಡೆ ಇಡೀ ಹಗಲು ಕಾಯಬೇಕು. ಗಾಲಿಕುರ್ಚಿ ಕೇಳಿದ ಗುರುತಿಲ್ಲ, ಆಮ್ಲಜನಕ ಕೇಳಿದ ಗುರುತಿಲ್ಲ. ಕೂತೇ ಉಸಿರಾಡುವ ಇಂಥ ರೋಗಿಯನ್ನು ಹತ್ತಿಸಿಕೊಳ್ಳಬೇಕಾದರೆ ವಿಮಾನ ಕಂಪನಿಯ ವೈದ್ಯರು ಮುಂಚಿತವಾಗಿ ಒಪ್ಪಿಗೆ ಕೊಡಬೇಕು. ಅದನ್ನು ಕೇಳಿದ ಸೂಚನೆ ಎಲ್ಲಿಯೂ ಇಲ್ಲ. ಅವರು ಆರೋಗ್ಯವಂತ ಪ್ರವಾಸಿಯೆಂಬಂತೆ ಮಾಡಿದ ಟಿಕೆಟ್ ಅದು.

ಬಾಯಿ ತೆರೆದೆ. ತೆರೆದ ಬಾಯಿಗೆ ಮೊದಲು ಬಂದದ್ದು, ಇದೆಲ್ಲ ಒಬ್ಬ ಕನ್ನಡ ಟೀಚರಿಗೆ ಹೇಗೆ ಗೊತ್ತು ಎಂದು ಅವರು ಕೇಳುತ್ತಾರೆ ಎಂಬ ಭಯ. ಕೇಳಿದರೆ ಹೇಳಬೇಕಾಗುತ್ತದೆ. ಹೇಳಿದರೆ ಇಷ್ಟು ವಾರಗಳ ಕೆರೆ, ಸಾಲುಮರ, ಇಡ್ಲಿ ಎಲ್ಲವೂ ಅಂಗಡಿಯವಳ ಮಾತಾಗುತ್ತವೆ. ಕೌಂಟರಿನಲ್ಲಿ ಕೇಳಿದರೆ ಗಾಲಿಕುರ್ಚಿ ಕೊಟ್ಟೇ ಕೊಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಡಾಕ್ಟರು, ಮಗಳು, ಏಜೆಂಟು ಫೋನಿನಲ್ಲಿ ಮಾತಾಡಿಕೊಂಡಿರಬಹುದು ಎಂದೂ ಹೇಳಿಕೊಂಡೆ. ಹಾಳೆಯನ್ನು ಮಡಿಚಿ ಹಿಂದಕ್ಕೆ ಕೊಟ್ಟೆ.

“ಬಹಳ ಚೆನ್ನಾಗಿದೆ, ಮ್ವಾಲಿಮು. ಹೋಗಿ ಬನ್ನಿ,” ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡು “ಅಸಾಂಟೆ” ಎಂದು ಧನ್ಯವಾದ ಹೇಳಿದರು. ಆ ದಿನ ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಕೂತು ಮನೆಗೆ ಬರುವಾಗ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದೆ. ಮನೆಯಲ್ಲಿ ಯಾರೊಡನೆಯೂ ಹೇಳಲಿಲ್ಲ. ಶನಿವಾರ ಒಂದು ಸಲ ಗಡಿಯಾರ ನೋಡಿದ್ದು ನೆನಪಿದೆ.

ಮುಂದಿನ ಬುಧವಾರ ವಾರ್ಡಿನ ಬಾಗಿಲಲ್ಲಿ ನಿಂತಾಗ ಕಿಟಕಿ ಪಕ್ಕದ ಮಂಚದಲ್ಲಿ ಮ್ವಾಲಿಮು ಕೂತಿದ್ದರು. ಮೂಗಿಗೆ ಆಮ್ಲಜನಕದ ನಳಿಗೆ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಆಫೀಸಿನ ಕೋಟು ಹಾಕಿಕೊಂಡು ವಾಂಬುಯಿ ನಿಂತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು.

ನನ್ನನ್ನು ಕಂಡು ಮ್ವಾಲಿಮು ನಕ್ಕರು. ತುಂಡು ತುಂಡು ಉಸಿರಿನಲ್ಲಿ, ತಮಾಷೆ ಮಾಡುತ್ತಲೇ ನಡೆದದ್ದು ಹೇಳಿದರು. ಏರ್‌ಪೋರ್ಟಿನ ಬಾಗಿಲಿನಿಂದ ಕೌಂಟರಿನವರೆಗೆ ಮಂತ್ರಿಯ ಹಾಗೆ ನಡೆದರಂತೆ. ಅಲ್ಲಿ ನಿಂತು ಒಮ್ಮೆ ಕೆಮ್ಮಿದ್ದಕ್ಕೆ ಕೌಂಟರಿನ ಹುಡುಗಿ ತಲೆಯೆತ್ತಿ ನೋಡಿದಳಂತೆ, ಊದಿದ ಪಾದ ನೋಡಿದಳಂತೆ, ವೈದ್ಯರ ಒಪ್ಪಿಗೆ ಎಲ್ಲಿ ಎಂದಳಂತೆ. “ಹೃದಯವನ್ನೇ ತಂದಿದ್ದೇನೆ, ನೀವೇ ನೋಡಿಕೊಳ್ಳಿ ಎಂದೆ. ಅವಳು ನಗಲಿಲ್ಲ,” ಎಂದರು. ವಿಮಾನ ಇವರನ್ನು ಬಿಟ್ಟು ಹೋಯಿತು. ನಿಂತು ಕಾದ ಆಯಾಸಕ್ಕೆ ಪಾರ್ಕಿಂಗ್ ತಲುಪುವ ಮುಂಚೆಯೇ ಉಸಿರು ಕೈಕೊಟ್ಟು, ಮಗಳು ಅಲ್ಲಿಂದಲೇ ನೇರ ಇಲ್ಲಿಗೆ ತಂದಳು.

ವಾಂಬುಯಿ ನನ್ನ ಕಡೆ ತಿರುಗಿದಳು. “ಅಪ್ಪ ನಿಮ್ಮ ವಿಷಯ ಬಹಳ ಹೇಳುತ್ತಾರೆ. ನಮಗೊಂದು ಸಹಾಯ ಮಾಡಿ. ಆ ಏಜೆಂಟ್ ಫೋನ್ ತೆಗೆಯುತ್ತಿಲ್ಲ. ರೋಗಿಗಳನ್ನು ಕಳಿಸಿ ಗೊತ್ತಿರುವ ಏಜೆಂಟರು ಬೇಕು. ನಿಮ್ಮ ಇಂಡಿಯನ್ಸ್ ಪೈಕಿ ಯಾರಾದರೂ ಗೊತ್ತಾ?”

“ನಾನೇ,” ಎಂದೆ.

ನನಗೆ ಪ್ರಶ್ನೆ ಅರ್ಥವಾಗಿಲ್ಲ ಎಂದುಕೊಂಡು ಅವಳು ಮತ್ತೆ ನಿಧಾನವಾಗಿ ಕೇಳಿದಳು.

“ಅರ್ಥವಾಯಿತು. ನಾನೇ ಟ್ರಾವೆಲ್ ಏಜೆಂಟ್. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಆಫೀಸಿದೆ. ಟೀಚರ್ ಆಗಿದ್ದದ್ದು ಹಿಂದೆ, ಊರಿನಲ್ಲಿ.”

ಪಕ್ಕದ ಮಂಚದವರು ರೇಡಿಯೋ ಸಣ್ಣಗೆ ಹಾಕಿದ್ದರು. ವಾಂಬುಯಿ ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ.

“ಹೋದ ಬುಧವಾರ ಅಪ್ಪ ನಿಮಗೆ ಟಿಕೆಟ್ ತೋರಿಸಿದರಂತೆ.”

“ಹೌದು.”

“ನೀವು ಓದಿದಿರಿ.”

“ಓದಿದೆ.”

“ಗೊತ್ತಾಯಿತಾ?”

ತಲೆಯಾಡಿಸಿದೆ.

“ಮತ್ತೆ ಯಾಕೆ ಹೇಳಲಿಲ್ಲ?”

“ವ್ಯಾಪಾರಕ್ಕೆ ಬಂದವಳು ಅಂದುಕೊಳ್ಳುತ್ತೀರಿ ಅಂತ.”

“ಅಂದುಕೊಂಡಿದ್ದರೆ?” ಎಂದಳು ವಾಂಬುಯಿ. ದನಿ ಏರಿಸಲಿಲ್ಲ. “ನಾವು ಹಾಗೆ ಅಂದುಕೊಂಡಿದ್ದರೆ ನಿಮಗೆ ಏನಾಗುತ್ತಿತ್ತು?”

ಇಷ್ಟು ವಯಸ್ಸಿಗೆ ನನ್ನನ್ನು ಬಹಳ ಜನ ಬೈದಿದ್ದಾರೆ. ಯಾವ ಬೈಗುಳಕ್ಕೂ ನಾನು ಹಾಗೆ ನೆಲ ನೋಡಿರಲಿಲ್ಲ. ನನಗೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ನಾನು ಎಷ್ಟು ಒಳ್ಳೆಯವಳು ಎಂದು ಒಬ್ಬ ಮುದುಕರು ಅಂದುಕೊಂಡಿದ್ದು ಒಂದಿಷ್ಟು ಕಡಿಮೆಯಾಗುತ್ತಿತ್ತು. ಅದನ್ನು ಉಳಿಸಿಕೊಳ್ಳುವುದಕ್ಕೆ ಅವರನ್ನು ಆ ಕೌಂಟರಿನ ಮುಂದೆ ನಿಲ್ಲಿಸಿದ್ದೆ. ರೋಗಿಗಳ ಹತ್ತಿರ ಮಾರುವುದಕ್ಕೆ ನಾಚಿದವಳು ಅವರಿಂದ ಅದಕ್ಕಿಂತ ದುಬಾರಿಯಾದದ್ದನ್ನೇ ಇಸಿದುಕೊಂಡಿದ್ದೆ.

ಮ್ವಾಲಿಮು ಕಿಟಕಿಯ ಕಡೆ ತಿರುಗಿಕೊಂಡಿದ್ದರು. ಮುಖ ಗಟ್ಟಿಯಾಗಿತ್ತು. ನಳಿಗೆ ಸರಿಮಾಡಿಕೊಂಡು, “ಸರಿ ಮ್ವಾಲಿಮು, ಈಗ ಏನು ಮಾಡಬೇಕು, ಹೇಳಿ,” ಎಂದರು. ಹೆಸರು ಬದಲಾಯಿಸಲಿಲ್ಲ. ಬದಲಾಯಿಸಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಸಂಜೆಯೇ ಡಾಕ್ಟರನ್ನು ಕಾದು ಹಿಡಿದೆ. ವಿಮಾನ ಕಂಪನಿ ಕೇಳುವ ವೈದ್ಯಕೀಯ ವಿವರಗಳನ್ನು ಬರೆಸಿಕೊಂಡೆ. ಗಡಿಬಿಡಿಯಲ್ಲಿ ಕಾರಿಡಾರಿನಲ್ಲಿ ಎದುರಾದ ಸಿಸಿಲಿಯಾ ಬಾಯಿಗೂ ಎಲ್ಲ ಒದರಿಬಿಟ್ಟೆ, ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದಿದ್ದು ಸೇರಿ. ಇನ್ನು ನನ್ನನ್ನು ಬರಬೇಡ ಎನ್ನುತ್ತಾರೆ ಎಂದುಕೊಂಡೆ.

“ಅದಕ್ಕೆ ಇಷ್ಟು ಅಳುವುದು ಎಂತಕ್ಕೆ ಮಾರಾಯ್ತಿ?” ಎಂದರು ಸಿಸಿಲಿಯಾ ಬಾಯಿ. “ಇಲ್ಲಿಗೆ ಬರುವವರಿಗೆಲ್ಲ ಒಂದೊಂದು ಕಾರಣ ಉಂಟು. ನಾನು ಬರುವುದು ಮನೆಯಲ್ಲಿ ಒಬ್ಬಳೇ ಕೂತರೆ ತಲೆ ಕೆಡ್ತದೆ ಅಂತ. ಪೇಶಂಟಿಗೆ ಅದು ಕಟ್ಟಿಕೊಂಡು ಎಂತ ಆಗ್ಲಿಕ್ಕುಂಟು? ನೀವು ವ್ಯಾಪಾರಕ್ಕೆ ಬಂದದ್ದಕ್ಕೆ ನಾನೆಂತ ಹೇಳುವುದಿಲ್ಲ. ಟಿಕೆಟ್ ನೋಡಿ ಬಾಯಿ ಮುಚ್ಚಿದಿರಲ್ಲ, ಅದಕ್ಕೆ ನಿಮ್ಮ ಕೆನ್ನೆಗೆ ಒಂದು ಕೊಡಬೇಕು.” ಕೊಡಲಿಲ್ಲ. ಕರ್ಚೀಫು ಕೊಟ್ಟರು.

ಆಫೀಸಿನಲ್ಲಿ ಗ್ರೇಸಳ ಸಹಾಯ ಕೇಳಿದೆ. ಅವಳು ಕಾರಣ ಕೇಳದೆ ಫೋನಿಗೆ ಅಂಟಿಕೂತು, ಹಳೆಯ ಟಿಕೆಟ್ಟಿನಲ್ಲಿ ವಾಪಸು ಬರಬೇಕಾದ ಹಣವನ್ನು ಆ ಸಿಬಿಡಿಯ ಏಜೆಂಟನಿಂದ ತನ್ನ ಗಂಟಲಿನ ಬಲದಿಂದಲೇ ಕಕ್ಕಿಸಿದಳು. ನಾನು ಮುಂಬೈಗೆ ನೇರ ಹೋಗುವ ವಿಮಾನ, ಅಲ್ಲಿಂದ ಹೆಚ್ಚು ಕಾಯದೆ ಬೆಂಗಳೂರಿಗೆ ಇನ್ನೊಂದು ಹುಡುಕಿದೆ. ಶೌಚಾಲಯಕ್ಕೆ ಹತ್ತಿರದ ಸೀಟು, ಎರಡೂ ಕಡೆ ಗಾಲಿಕುರ್ಚಿ, ದಾರಿಯುದ್ದಕ್ಕೂ ಆಮ್ಲಜನಕ, ಬೆಂಗಳೂರಿನಲ್ಲಿ ಇಳಿದ ಮೇಲೆ ಆಂಬುಲೆನ್ಸು. ವಿಮಾನ ಕಂಪನಿಯ ವೈದ್ಯರ ಒಪ್ಪಿಗೆ ಬರುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೋ ನೆನಪಿಲ್ಲ. ಫೋನ್ ಸದ್ದಾದರೆ ಒಪ್ಪಿಗೆಯೋ ಆಸ್ಪತ್ರೆಯೋ ಎಂದು ಎಲ್ಲರಿಗಿಂತ ಮೊದಲು ಎತ್ತುತ್ತಿದ್ದೆ. ಒಪ್ಪಿಗೆ ಬಂತು. ಹೊರಡುವ ದಿನ ನಾನೂ ಏರ್‌ಪೋರ್ಟಿಗೆ ಹೋದೆ. ಗಾಲಿಕುರ್ಚಿಯಲ್ಲಿ ಕೂತು ಒಳಗೆ ಹೋದ ಮ್ವಾಲಿಮು ಕೈಬೀಸಿದರು. ವಾಂಬುಯಿ ಹಿಂದೆ ತಿರುಗಲಿಲ್ಲ.

ಇದೆಲ್ಲಕ್ಕಿಂತ ಹೆಚ್ಚಿನ ಅವಮಾನ ಅದರ ಮುಂದಿನ ಸೋಮವಾರ ಕಾದಿತ್ತು. ಹಸ್ಮುಖ್‌ಭಾಯಿ ಎಲ್ಲರನ್ನೂ ಮತ್ತೆ ಕರೆದು ನಿಲ್ಲಿಸಿ, ವಸುಧಾಬೆನ್ ಅವರನ್ನು ನೋಡಿ ಕಲಿಯಿರಿ ಎಂದರು. ಅವಸರ ಮಾಡಲಿಲ್ಲ, ಮೊದಲ ದಿನವೇ ಕಾರ್ಡು ಚಾಚಲಿಲ್ಲ, ವಾರಗಟ್ಟಲೆ ಪಕ್ಕದಲ್ಲಿ ಕೂತು ನಂಬಿಕೆ ಬೆಳೆಸಿದರು, ರೋಗಿಯ ಮನೆಯವರೇ ಬಂದು ಕೇಳುವ ಹಾಗೆ ಮಾಡಿದರು. ಸಭೆಯಲ್ಲಿ ಆ ತಜ್ಞರು ಹೇಳಿದ್ದು ಇದನ್ನೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಹಸನ್ಮುಖ ಎರಡನೆಯ ಸಲ ಅರಳಿತ್ತು. ಗ್ರೇಸ್ ಮಾತ್ರ ಚಪ್ಪಾಳೆ ತಟ್ಟದೆ ನನ್ನ ಮುಖ ನೋಡುತ್ತಿದ್ದಳು. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಚಪ್ಪಾಳೆ ನಿಂತ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡೆ. ಊಟದ ಹೊತ್ತಿನಲ್ಲಿ ಗ್ರೇಸಳಿಗೊಬ್ಬಳಿಗೆ ಎಲ್ಲ ಹೇಳಿದೆ. ಅವಳು ಚಪಾತಿ ಅಗಿಯುತ್ತ ಕೇಳಿ, “ಪೊಲೆ,” ಎಂದಳು. ಅಯ್ಯೋ ಪಾಪ ಎಂಬುದಕ್ಕೆ ಇಲ್ಲಿಯವರ ಮಾತು ಅದು. ಅದು ನನಗೋ ಮ್ವಾಲಿಮುವಿಗೋ ಎಂದು ಕೇಳುವ ಧೈರ್ಯವಾಗಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮಳೆಗಾಲ ಮುಗಿದು ವೆಸ್ಟ್‌ಲ್ಯಾಂಡ್ಸ್‌ನ ರಸ್ತೆಗಳಲ್ಲಿ ಧೂಳು ಏಳತೊಡಗಿದ್ದಾಗ, ಒಂದು ಮಧ್ಯಾಹ್ನ ನಮ್ಮ ಮೊದಲ ಮಹಡಿಯ ಬಾಗಿಲಲ್ಲಿ ಉದ್ದನೆಯ ಮನುಷ್ಯರೊಬ್ಬರು ಕೋಟು, ಟೋಪಿ ಹಾಕಿಕೊಂಡು ನಿಂತಿದ್ದರು. ನಿಂತಿದ್ದ ಮ್ವಾಲಿಮುವನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ, ಹಾಗಾಗಿ ಗುರುತು ಹತ್ತಲಿಲ್ಲ. ಮೆಟ್ಟಿಲು ಹತ್ತಿ ಬಂದಿದ್ದರು. ಕೂತು, ನೀರು ಕುಡಿದು, ನನ್ನ ಭೂಗೋಳದ ತಪ್ಪುಗಳನ್ನು ತಿದ್ದಲು ಶುರುಮಾಡಿದರು. ಬೆಂಗಳೂರು ತಂಪಾಗಿಲ್ಲ. ಆಸ್ಪತ್ರೆಯ ಕಿಟಕಿಯಿಂದ ಕಂಡ ಸಾಲುಮರಗಳನ್ನು ಅವರ ಕಣ್ಣೆದುರೇ ರಸ್ತೆಗಾಗಿ ಕಡಿಯುತ್ತಿದ್ದರು. ಕೆರೆ ಎಂದು ಯಾರೋ ತೋರಿಸಿದ ಕಡೆ ಬಸ್ಸುಗಳು ನಿಂತಿದ್ದವು. ಕಾಫಿ ಮಾತ್ರ ನಾನು ಹೇಳಿದಂತೆಯೇ ಇತ್ತು. ಒಂದು ಕನ್ನಡ ಪದ ಕಲಿತು ಬಂದಿದ್ದರು. “ಸ್ವಲ್ಪ ತಿರುಗಿ, ಸ್ವಲ್ಪ ಕೆಮ್ಮಿ, ಸ್ವಲ್ಪ ನೋವಾಗತ್ತೆ. ನರ್ಸುಗಳು ದಿನವೂ ಹೇಳುತ್ತಿದ್ದರು. ಮ್ವಾಲಿಮು, ಸ್ವಲ್ಪ ಎಂದರೆ ಬಹಳ ಎಂದು ಅರ್ಥವೇ?” ಎಂದು ಗಂಭೀರವಾಗಿ ಕೇಳಿದರು. ಆಫೀಸಿನಲ್ಲಿ ಅರ್ಥವಾಗದವರೂ ನಕ್ಕರು. ಆ ಬುಧವಾರದ ಟಿಕೆಟ್ಟಿನ ಮಾತನ್ನು ಅವರು ಎತ್ತಲಿಲ್ಲ. ನಾನು ಎತ್ತಲು ಹೋದಾಗ ಗಡಿಯಾರ ನೋಡಿ, ಮಗಳು ಕೆಳಗೆ ಟ್ಯಾಕ್ಸಿಯಲ್ಲಿ ಕಾಯುತ್ತಿದ್ದಾಳೆ ಎಂದು ಎದ್ದರು. ಅವಳು ಮೇಲೆ ಬಂದಿರಲಿಲ್ಲ.

ವಾಂಬುಯಿ ನನ್ನನ್ನು ಇವತ್ತಿಗೂ ಕ್ಷಮಿಸಿದಂತೆ ಕಾಣುವುದಿಲ್ಲ. ಆದರೆ ಬ್ಯಾಂಕಿನಲ್ಲಿ ಯಾರ ಮನೆಯಲ್ಲಿ ಯಾರಿಗೆ ಕಾಯಿಲೆಯಾದರೂ ನನ್ನ ಹತ್ತಿರ ಕಳಿಸುತ್ತಾಳೆ. ಫೋನಿನಲ್ಲಿ ಎರಡೇ ಮಾತು. “ಇವರು ಚೆನ್ನೈಗೆ ಹೋಗಬೇಕು. ಎಲ್ಲವನ್ನೂ ಮೊದಲೇ ಹೇಳಿ.” ನಾನು ಹೇಳುತ್ತೇನೆ. ಕೇಳಿದ್ದು, ಕೇಳದ್ದು, ಅವರಿಗೆ ಬೇಸರವಾಗುವಷ್ಟು ಹೇಳುತ್ತೇನೆ. ಹಸ್ಮುಖ್‌ಭಾಯಿ ಇದನ್ನು ನೆಟ್‌ವರ್ಕ್ ಎನ್ನುತ್ತಾರೆ. ಅವಳ ಫೋನ್ ಬಂದ ದಿನ ನಾನು ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ಒಯ್ಯುತ್ತೇನೆ ಎಂಬುದನ್ನು ಅವರಿಗೆ ಹೇಳಿಲ್ಲ.

ಆಸ್ಪತ್ರೆಗೆ ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ಓಡಿಹೋದವರ ಪೈಕಿಗೆ ಸೇರಿಸುತ್ತೇನೆ ಎಂದು ಸಿಸಿಲಿಯಾ ಬಾಯಿ ಹೆದರಿಸಿದ್ದರು. ಈಗ ಮಂಚದ ಹತ್ತಿರ ಹೋದ ಕೂಡಲೇ, ಕುರ್ಚಿ ಎಳೆಯುವ ಮೊದಲೇ, ಹೆಸರು ಹೇಳಿ ಕಸುಬನ್ನೂ ಹೇಳಿಬಿಡುತ್ತೇನೆ. ಗ್ರೇಸ್ ಹೇಳುವಷ್ಟು ಸಲೀಸಾಗಿ ಬರುವುದಿಲ್ಲ, ಪ್ರತಿ ಸಲವೂ ಕಿವಿ ಬಿಸಿಯಾಗುತ್ತದೆ. ಕೆಲವರು ಹುಬ್ಬೇರಿಸುತ್ತಾರೆ. ಒಬ್ಬರು, ಇಲ್ಲಿಗೂ ಬಂದಿರಾ ಎಂದರು. ಬಂದೆ, ಎಂದೆ.

ಕಳೆದ ಬುಧವಾರ ಮೂಲೆಯ ಮಂಚದಲ್ಲಿ ಕೃಶವಾದ ಮುದುಕಿಯೊಬ್ಬರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನಗೆ ಬರುವ ಹರಕುಮುರುಕು ಸ್ವಾಹಿಲಿಯಲ್ಲಿ, ನಾನು ವಿಮಾನದ ಟಿಕೆಟ್ ಮಾರುವವಳು, ನಿಮ್ಮ ಹತ್ತಿರ ಸ್ವಲ್ಪ ಹೊತ್ತು ಕೂರಬಹುದೇ ಎಂದು ಕೇಳಿದೆ. ಅವರು ನಿಧಾನವಾಗಿ ಈಚೆ ಹೊರಳಿ, ನನ್ನ ಮುಖವನ್ನು, ಸೀರೆಯನ್ನು, ಖಾಲಿ ಕೈಗಳನ್ನು ನೋಡಿದರು.

“ಮಿಮಿ ಸಿಯೆಂಡಿ ಪೊಪೊಟೆ,” ಎಂದರು. ನಾನು ಎಲ್ಲಿಗೂ ಹೋಗುವುದಿಲ್ಲ.

ನಾನು ತಲೆಯಾಡಿಸಿದೆ. ಹೊರಡದೆ ನಿಂತೇ ಇದ್ದೆ. ಅವರು ಹೊದಿಕೆಯೊಳಗಿಂದ ಒಂದು ಕಾಲನ್ನು ಹೊರಗೆ ಚಾಚಿ, ಒತ್ತು ಎಂಬಂತೆ ಗದ್ದದಿಂದ ಸನ್ನೆ ಮಾಡಿದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಕಾಲು ತಣ್ಣಗಿತ್ತು. ಹೊತ್ತು ಮುಗಿಯಿತು ಎಂದು ಸಿಸಿಲಿಯಾ ಬಾಯಿ ಬಂದು ಹೇಳುವ ವೇಳೆಗೆ ಎರಡೂ ಕಾಲು ಬೆಚ್ಚಗಾಗಿ, ಆ ತಾಯಿಗೆ ನಿದ್ದೆ ಹತ್ತಿತ್ತು.